ಮನೆ ಸಾಲು

ಜನವರಿ 7

ಪನ್ನಿ ಜೋಲಿಯಲ್ಲಿ ಮಲಗಿದ್ದಾಳೆ. ಏಳುವವರೆಗೆ ಮುಕ್ಕಾಲು ಗಂಟೆ ನನ್ನದು. ಮಗು ಮಲಗಿದಾಗ ನೀನೂ ಮಲಗೇ ಅನ್ನುತ್ತಾರೆ ಅತ್ತಯ್ಯ, ನನ್ನ ಗಂಡನ ತಾಯಿ. ಮಲಗಿದರೂ ಕಿವಿ ಜೋಲಿಯ ಹತ್ತಿರವೇ ಇರುತ್ತದೆ, ಬರೀ ಕಣ್ಣು ಮುಚ್ಚಿ ಏನು ಬಂತು? ಹದಿನಾಲ್ಕು ತಿಂಗಳಲ್ಲಿ ಒಂದೇ ಸಮನೆ ಮೂರು ಗಂಟೆ ನಿದ್ದೆ ಮಾಡಿದ ದಿನ ನೆನಪಿಲ್ಲ. ಅದಕ್ಕೇ ಈ ಬರವಣಿಗೆ. ಬಿ.ಎಸ್ಸಿ.ಯ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪುಸ್ತಕದಲ್ಲಿ ಇನ್ನೂ ಅರ್ಧಕ್ಕರ್ಧ ಹಾಳೆಗಳು ಖಾಲಿ ಇವೆ.

ಬೆಳಿಗ್ಗೆ ತೂಕ ಮಾಡಿಸಿದೆ. ಎಂಟು ಕಿಲೋ ನೂರು ಗ್ರಾಂ. ಅಂಗನವಾಡಿಯಾಕೆ "ಪರವಾಗಿಲ್ಲ" ಅಂದಳು. ಆ ಮಾತು ನನಗಾಗದು. ತಿಂಗಳು ತುಂಬುವ ಮೊದಲೇ ಹುಟ್ಟಿದವಳು ಇವಳು. ಬಾಯಿಗೆ ಏನು ಹೋಗುತ್ತದೆ, ಎಲ್ಲಿಂದ ಬಂದದ್ದು ಎಂದು ನಾನಲ್ಲದೆ ಇನ್ನಾರು ನೋಡಬೇಕು? ನನ್ನ ಗಂಡ ಎರಡು ಎಕರೆ ತರಕಾರಿಗೂ ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾರೆ. ಆ ಔಷಧಿ ನರಗಳಿಗೆ ಏನು ಮಾಡುತ್ತದೆ ಅನ್ನುವುದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಸದ್ಯ, ಔಷಧಿ ಮುಟ್ಟಿಸದ ಮನೆ ಸಾಲು ಒಂದಿದೆ. ಪನ್ನಿ ತಿನ್ನುವುದು ಆ ಸಾಲಿನದ್ದು ಮಾತ್ರ.

ಹೊಲದ ಕೆಲಸಕ್ಕೆ ಬರುವ, ಮನೆಯ ಸೊಸೆ ಎಂದು ನನ್ನನ್ನು 'ಚಿನ್ನಮ್ಮಗಾರು' ಎನ್ನುವ ಕರುಣಮ್ಮನೂ ಮಗಳು ಎಸ್ತೇರನ್ನು ತೂಕಕ್ಕೆ ತಂದಿದ್ದಳು. ಪನ್ನಿಗಿಂತ ಬರೀ ಎರಡು ತಿಂಗಳು ದೊಡ್ಡವಳು, ಹತ್ತೂವರೆ ಕಿಲೋ.

"ಏನು ಕೊಡ್ತೀಯೇ ಇದಕ್ಕೆ?" ಎಂದೆ.

"ನಿಮ್ಮ ಸಾಲಿಂದೇ ಚಿನ್ನಮ್ಮಗಾರೂ. ನಿಮ್ಮ ಪನ್ನಿ ತಿನ್ನೋದನ್ನೇ ಇವಳೂ ತಿನ್ನೋದು. ಇವಳು ನುಂಗ್ತಾಳೆ, ಅವಳು ಯೋಚನೆ ಮಾಡ್ತಾಳೆ. ಓದಿದೋರ ಮಗು ಅಲ್ವಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ತಕ್ಕಡಿ ಸರಿ ಇತ್ತೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿದೆ.

ಜನವರಿ 11

ವಿಜಯವಾಡದಿಂದ ಪ್ರಸೂನ ಮೇಡಂ ಎನ್ನುವವರು ಬಂದು ಶಾಲೆಯಲ್ಲಿ ಸಭೆ ಮಾಡಿದರು. ಅವರ ಸಂಘದ ಹೆಸರು 'ನಮ್ಮ ತಟ್ಟೆ'. ಪಟ್ಟಣದ ತಾಯಂದಿರಿಗೆ ಬೇಸಾಯ ಅಂದರೇನು, ತಾವು ತಿನ್ನುವುದು ಹೇಗೆ ಬೆಳೆಯುತ್ತದೆ, ಒಳ್ಳೆಯ ಆಹಾರ ಯಾವುದು ಎಂದು ತಿಳಿಸಿಕೊಡುವುದು ಅವರ ಕೆಲಸ. ಹಿಂದಿನ ಬೆಂಚಿನ ಹೆಂಗಸರು ಅವರ ಕತ್ತರಿಸಿದ ಕೂದಲನ್ನೇ ನೋಡುತ್ತಿದ್ದರು.

"ನೀವು ಔಷಧಿ ಹೊಡೆಯದೆ ಏನಾದರೂ ಬೆಳೀತೀರಾ?" ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ, ಎದ್ದು ಹೇಳಿದೆ. ಈ ಊರಲ್ಲಿ ತರಕಾರಿ ಬೆಳೆಯುವ ಪ್ರತಿ ಮನೆಗೂ ಒಂದು ಮನೆ ಸಾಲು ಇರುತ್ತದೆ. ಕಾಲುವೆ ನೀರು ಹೊಲಕ್ಕೆ ಬರುವ ಕಡೆ ಮೊದಲ ಸಾಲು. ಅದಕ್ಕೆ ಸಗಣಿ ಗೊಬ್ಬರ ಬಿಟ್ಟರೆ ಏನೂ ಇಲ್ಲ. ಹುಳ ತಿಂದು ಉಳಿದದ್ದು ನಮಗೆ. ಉಳಿದ ಹೊಲವೆಲ್ಲ ಮಾರುಕಟ್ಟೆಗೆ.

ಪ್ರಸೂನ ಮೇಡಂ ಪೆನ್ನು ಕೆಳಗಿಟ್ಟರು. "ಅಂದರೆ ನಿಮಗೆಲ್ಲಾ ಗೊತ್ತು" ಎಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದಿತ್ತು. ಅತ್ತಯ್ಯ ಕಡಲೆಕಾಯಿ ಬಿಡಿಸುತ್ತ, "ಅಡಿಗೆಮನೆ ಮಾತನ್ನ ಸ್ಕೂಲ್ನಲ್ಲಿ ಹೇಳಿ ಬಂದ್ಯಂತೆ. ಎಷ್ಟು ಮಾರ್ಕು ಕೊಟ್ರು?" ಎಂದರು.

ಭೋಗಿ

ಮಕ್ಕಳ ತಲೆಯ ಮೇಲೆ ಭೋಗಿ ಹಣ್ಣು ಸುರಿಯುವಾಗ ಪನ್ನಿ ಒಂದು ಬೋರೆಹಣ್ಣು ಬಾಯಿಗೆ ಹಾಕಿಕೊಂಡಳು. ಸಂತೆಯಿಂದ ತಂದ ಹಣ್ಣು. ಬೆರಳು ಹಾಕಿ ತೆಗೆದೆ. ಒಸಡಿನಲ್ಲಿ ಸ್ವಲ್ಪ ರಕ್ತ ಬಂತು.

ಜನವರಿ 22

ವಿಜಯವಾಡಕ್ಕೆ ಹೋಗಿ ಬಂದೆ! ಕಲ್ಯಾಣಮಂಟಪದಂಥ ಹಾಲ್, ಎಂಬತ್ತು ಜನ ಹೆಂಗಸರು. ನನ್ನನ್ನು 'ರೈತ ತಾಯಿ ಹೈಮವತಿಗಾರು' ಎಂದು ಕರೆದರು. ಬೆಂಡೆಗಿಡದ ಹೂ ಯಾವ ಬಣ್ಣ ಎಂದು ಕೇಳಿದೆ. ಒಬ್ಬಳಿಗೂ ಗೊತ್ತಿಲ್ಲ. ಬದನೆಯ ಹುಳ ಒಳಗೆ ಹೋದ ಮೇಲೆ ಹೊಡೆದ ಔಷಧಿ ಯಾರಿಗೆ ತಗಲುತ್ತದೆ, ಹುಳಕ್ಕೋ ನಿಮಗೋ ಎಂದೆ. ಇಡೀ ಹಾಲ್ ಗಪ್ಪಾಯಿತು. ಈ ಮನೆಯಲ್ಲಿ ನಾನು ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಒಬ್ಬರೂ ಒಂದು ಸಲವೂ ಗಪ್ಪಾಗಿಲ್ಲ.

ಮನೆ ಸಾಲಿನ ಕಾಯಿ ಪಟ್ಟಣಕ್ಕೂ ಕಳಿಸುತ್ತೇನೆ ಎಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ ಕೇಳಿದಳು, "ನೀವು ಕಳಿಸೋದನ್ನ ನಿಮ್ಮ ಮಗುಗೇ ಕೊಡ್ತೀರಾ?"

"ನನ್ನ ಮಗು ಅದೊಂದನ್ನೇ ತಿನ್ನೋದು" ಎಂದು ಪನ್ನಿಯನ್ನು ಎತ್ತಿ ತೋರಿಸಿದೆ. ಚಪ್ಪಾಳೆ. ಪನ್ನಿ ಹೆದರಿ ಅತ್ತಳು, ಅದಕ್ಕೂ ಚಪ್ಪಾಳೆ.

ಹತ್ತು ಮನೆಗೆ ವಾರಕ್ಕೊಂದು ಬುಟ್ಟಿ ಕಳಿಸುವುದು ಎಂದಾಯಿತು. ಮನೆ ಸಾಲಿನದ್ದು ಮಾತ್ರ, ಹೊಲದ್ದು ಒಂದು ಕಾಯಿಯೂ ಸೇರುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಸುಳ್ಳು ಹೇಳಿ ಜನರಿಗೆ ತಿಳುವಳಿಕೆ ಕೊಡಲಾಗದು.

ಇವರು ಕೇಳಿ ನಕ್ಕರು. "ಎರಡು ಎಕರೆ ನನ್ನದು, ಒಂದು ಸಾಲು ನಿನ್ನದು. ನಿನ್ನ ಸಾಲಿನ ಹೆಸರು ಪೇಪರಲ್ಲಿ ಬರುತ್ತೆ, ನನ್ನ ಹೊಲ ಮನೆ ಸಾಕುತ್ತೆ. ಹುಳಗಳಿಗೂ ಒಂದು ಭಾಷಣ ಕೊಡು ಹೈಮಾ, ಕೇಳಿದರೆ ನಾಳೆಯಿಂದ ಔಷಧಿ ಪಂಪು ಹೊರೋದು ಬಿಡ್ತೀನಿ."

ಜನವರಿ 31

ವಾರಕ್ಕೆ ಇಪ್ಪತ್ತೈದು ಬುಟ್ಟಿ ಆಗಿದೆ.

ಕರುಣಮ್ಮನಿಗೆ ಇವತ್ತು ಹೇಳಿಬಿಟ್ಟೆ. ಮನೆ ಸಾಲಿನ ಕಳೆ ತೆಗೆಯುವವಳು ಶನಿವಾರ ಶನಿವಾರ ಒಂದು ಮಡಿಲು ಕಾಯಿ ಒಯ್ಯುವುದು ಅತ್ತಯ್ಯನ ಅತ್ತೆಯ ಕಾಲದಿಂದ ಬಂದದ್ದು. ಆಗ ಬುಟ್ಟಿ ಇರಲಿಲ್ಲವಲ್ಲ.

"ಮಡಿಲುಕಾಯಿ ಬೇಡ ಇನ್ನು. ಅದಕ್ಕೂ ಕೂಲಿ ಕೊಡ್ತೀನಿ."

"ಕೂಲೀನ ಎಸ್ತೇರಿಗೆ ಬೇಯಿಸಿ ಹಾಕೋಕಾಗುತ್ತಾ ಚಿನ್ನಮ್ಮಗಾರೂ?"

"ಹೊಲದಲ್ಲಿ ಬೇಕಾದಷ್ಟಿದೆ, ಸೀಸೆ ಕೋಲು ತೆಗೆದ ಮೇಲೆ ಎಷ್ಟು ಬೇಕೋ ಕಿತ್ಕೊ. ಬೇಡ ಅಂದೋರು ಯಾರು?"

ಔಷಧಿ ಹೊಡೆದ ಹೊಲದ ಮೂಲೆಯಲ್ಲಿ ಖಾಲಿ ಸೀಸೆಯನ್ನು ಕೋಲಿಗೆ ತಲೆಕೆಳಗಾಗಿ ಸಿಕ್ಕಿಸಿ ನೆಡುತ್ತಾರೆ, ಐದು ದಿನ. ಅಷ್ಟು ದಿನ ಯಾರೂ ಆ ಹೊಲದ್ದು ಬಾಯಿಗೆ ಹಾಕುವುದಿಲ್ಲ. ಕರುಣಮ್ಮನಿಗೆ ಗೊತ್ತಿರುವ ಅಕ್ಷರ ಅದೊಂದೇ. ಅವಳು ಖಾಲಿ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಕೊಡವಿದ್ದು ಬೇಕೆಂತಲೇ. ಇಂಥವೆಲ್ಲ ನನಗೆ ತಿಳಿಯುತ್ತವೆ.

ಅತ್ತಯ್ಯ ರಾತ್ರಿ ಊಟಕ್ಕೆ ಬರಲಿಲ್ಲ. "ಮಡಿಲು ಬರಿದು ಮಾಡಿ ಕಳಿಸಬಾರದಮ್ಮಾಯ್" ಎಂದರು. ಪನ್ನಿಗೆ ಒಂದು ಪಾಲು ಬೇರೆ ಎತ್ತಿಟ್ಟೇ ಬುಟ್ಟಿ ಕಟ್ಟುತ್ತೇನೆ ಎಂದೆ. ನಾನು ಕೇಳಿದ್ದು ಪನ್ನಿ ವಿಷಯ ಅಲ್ಲ ಎಂದರು. ನನಗೆ ಬೇರೆ ವಿಷಯ ಯಾವುದಿದೆ?

ಫೆಬ್ರವರಿ 7

ನಾಳೆ ಭಾನುವಾರ ಬಸ್ಸು ಬರುತ್ತದೆ. ನಲವತ್ತು ತಾಯಂದಿರು, ಮಕ್ಕಳು. ಹೊಲ ನೋಡಲು.

ಇವರು ಇವತ್ತೇ ಹೊಡೆಯಬೇಕೆ! ಸಂಜೆ ಹೋಗಿ ನೋಡಿದರೆ ಸೌತೆ ಹೊಲದ ನಾಲ್ಕು ಮೂಲೆಗೂ ಸೀಸೆ ಕೋಲು. ಅದರ ಮೇಲಿನ ಕೆಂಪು ತಲೆಬುರುಡೆ ಚಿತ್ರ ಎದ್ದು ಕಾಣುತ್ತದೆ. ಪ್ರಸೂನ ಮೇಡಂ ಫೋಟೋದವನನ್ನು ಬೇರೆ ಕರೆತರುತ್ತಿದ್ದಾರೆ. ಕಿತ್ತು ಪಂಪುಶೆಡ್ಡಿನ ಹಿಂದೆ ಹಾಕಿದೆ. ಬಂದವರು ಯಾರೂ ಆ ಕಡೆ ಕಾಲಿಡದ ಹಾಗೆ ಹಗ್ಗ ಕಟ್ಟಿ ಮಾವಿನೆಲೆ ಸಿಕ್ಕಿಸಿದ್ದೇನೆ. ಒಂದು ಮಗುವೂ ಹಗ್ಗ ದಾಟಬಾರದು, ನಾನೇ ನಿಲ್ಲುತ್ತೇನೆ ಅಲ್ಲಿ.

ಫೆಬ್ರವರಿ 8

ಎಲ್ಲಿಂದ ಬರೆಯಲಿ! ಒಂದು ಹುಡುಗಿ, ಆರು ವರ್ಷ ಇರಬಹುದು, ಹೀರೇಕಾಯಿ ಬಳ್ಳಿಯಲ್ಲಿ ನೇತಾಡುವುದನ್ನು ನೋಡಿ, "ಅಮ್ಮಾ, ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿತು. ಅದರ ತಾಯಿ ಕಣ್ಣೊರೆಸಿಕೊಂಡಳು. ಇನ್ನೊಬ್ಬಾಕೆ ಚಪ್ಪಲಿ ಬಿಟ್ಟು ಒದ್ದೆ ಮಣ್ಣಿನಲ್ಲಿ ನಿಂತೇ ಇದ್ದಳು. ಹಗ್ಗದ ಹತ್ತಿರ ನಾನೇ ನಿಂತಿದ್ದೆ. ಒಂದು ಚೆಂಡು ಆಚೆ ಹೋದಾಗ ನಾನೇ ಹೋಗಿ ತಂದು, ಒರೆಸಿ, ಕೈ ತೊಳೆದು ಕೊಟ್ಟೆ. ಮಣ್ಣು ಹೇಗೆ ಉಸಿರಾಡುತ್ತದೆ, ಒಂದು ಹಿಡಿ ಮಣ್ಣಿನಲ್ಲಿ ಎಷ್ಟು ಜೀವ ಇರುತ್ತದೆ ಎಂದು ಹೇಳಿದೆ. ಕಾಲೇಜಿನಲ್ಲಿ ಓದಿದ್ದು ಯಾವತ್ತೂ ಇಷ್ಟು ಉಪಯೋಗಕ್ಕೆ ಬಂದಿರಲಿಲ್ಲ.

ಪನ್ನಿಯ ಕೈಗೆ ಮನೆ ಸಾಲಿನ ಎಳೆ ಸೌತೆ ಕೊಟ್ಟು ಫೋಟೋ ತೆಗೆದರು. ಸಂಘದ ಮುಂದಿನ ಪೋಸ್ಟರು ಅದೇ ಅಂತೆ.

ಅತ್ತಯ್ಯ ಎಲ್ಲರಿಗೂ ಮಜ್ಜಿಗೆ ಕೊಟ್ಟರು. "ಇಷ್ಟು ಜನ ಒಂದು ಸಾಲು ನೋಡೋಕೆ ಬಂದ್ರಲ್ಲಾ, ಪಾಪ, ಪಕ್ಕದ್ದು ನೋಡ್ಲೇ ಇಲ್ಲ" ಎಂದು ಒಬ್ಬಾಕೆಯ ಹತ್ತಿರ ಅಂದರಂತೆ. ಆಕೆ ಅದನ್ನು ತಮಾಷೆ ಅಂದುಕೊಂಡಳು, ಸದ್ಯ. ಬಸ್ಸು ಹೋದ ಮೇಲೆ ಹಗ್ಗ ಬಿಚ್ಚಿ ಮನೆಗೆ ಬಂದು ಹಾಗೇ ಗೋಡೆಗೆ ಒರಗಿದೆ.

ಫೆಬ್ರವರಿ 9

ಹನ್ನೊಂದು ಗಂಟೆಗೆ ಕರುಣಮ್ಮ ಕಿರುಚಿದ್ದು ಮನೆಯವರೆಗೂ ಕೇಳಿಸಿತು. ಭಾನುವಾರ ಚರ್ಚಿಗೆ ಹೋಗುತ್ತಾಳೆ, ಹೊಲಕ್ಕೆ ಬರುವುದಿಲ್ಲ. ಶನಿವಾರ ಸಂಜೆ ಹೊಡೆದದ್ದು ಅವಳಿಗೆ ಗೊತ್ತಿಲ್ಲ. ಸೌತೆ ಹೊಲದ ಕಳೆ ತೆಗೆಯುತ್ತ, ಅಳುವ ಎಸ್ತೇರಿಗೆ ಬಳ್ಳಿಯಿಂದ ಒಂದು ಎಳೆ ಸೌತೆ ಕಿತ್ತು ಕೊಟ್ಟಿದ್ದಾಳೆ. ಬಾಯಿ ತುಂಬ ಜೊಲ್ಲು, ವಾಂತಿ, ಕೈಕಾಲು ಅದುರುತ್ತಿತ್ತು. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಪುಸ್ತಕದಲ್ಲಿ ಇರುವುದು ಹಾಗೇ.

ಮೊದಲು ಪಂಪುಶೆಡ್ಡಿಗೆ ಹೋಗಿ ಕೋಲುಗಳನ್ನು ತಂದು ನೆಟ್ಟೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಕರುಣಮ್ಮ ಮಗುವಿನಿಂದ ಕಣ್ಣು ತೆಗೆದಿರಲಿಲ್ಲ. ಆಮೇಲೆ ಆಟೋಗೆ ಫೋನು ಮಾಡಿದೆ.

ಫೆಬ್ರವರಿ 10

ಗುಂಟೂರಿನ ಆಸ್ಪತ್ರೆಯಲ್ಲಿದ್ದಾಳೆ. ಜೀವ ಇದೆ.

ಪನ್ನಿಯ ಪಾಪೆಯನ್ನು ಟಾರ್ಚು ಬಿಟ್ಟು ಆರು ಸಲ ನೋಡಿದೆ. ಸರಿಯಾಗಿದೆ.

ಫೆಬ್ರವರಿ 12

ಊರಲ್ಲೆಲ್ಲ ಒಂದೇ ಮಾತು. ಕೋಲು ನೆಟ್ಟಿತ್ತು, ನೋಡದೆ ಕಾಯಿ ಕಿತ್ತಳು. ಆಟೋ ಹತ್ತಿಸಲು ಬಂದವರೆಲ್ಲ ಕೋಲನ್ನು ಕಂಡಿದ್ದಾರೆ. ಕರುಣಮ್ಮ ಮಾತ್ರ, ಕೋಲು ಇರಲಿಲ್ಲ, ಇರಲಿಲ್ಲ ಎಂದಳಂತೆ. ಅವಳ ಗಂಡನೇ ಅವಳಿಗೆ ಹೊಡೆದನಂತೆ, ಆಸ್ಪತ್ರೆಯ ಬಾಗಿಲಲ್ಲೇ. ಇವರೂ "ನಾನೇ ನೆಟ್ಟಿದ್ದೆ, ನಾಲ್ಕು ಮೂಲೆಗೂ" ಎಂದು ಹೇಳಿ ಬಂದರು. ಅದೇನೂ ಸುಳ್ಳಲ್ಲ.

ಸಂಜೆ ಅತ್ತಯ್ಯ ಬೇಳೆ ಆರಿಸುತ್ತ ಕೂತಿದ್ದರು. ತಲೆ ಎತ್ತದೆ, "ಕೋಲಿನ ಬುಡದ ಮಣ್ಣು ಹಸಿಯಾಗಿತ್ತಲ್ಲೇ ಹೈಮಾ" ಎಂದರು.

"ನೀರು ಬಿಟ್ಟಿದ್ರು" ಎಂದೆ.

"ಹ್ಞಾ. ಬಿಟ್ಟಿರಬಹುದು."

ಮೊರದಲ್ಲಿ ಕಲ್ಲು ಸಿಕ್ಕಿದಾಗ ಒಂದೊಂದನ್ನೇ ನನ್ನ ಕಡೆಗೆ ಎಸೆಯುತ್ತಿದ್ದರು. ನನ್ನ ಕಡೆಗೇ ಎಸೆದದ್ದೋ, ಬಾಗಿಲ ಕಡೆಗೋ, ತಿಳಿಯಲಿಲ್ಲ.

ಹೇಳಬಹುದಿತ್ತು. ಹೇಳಿದರೆ ಸಂಘದ ಹೆಸರು ಹಾಳು. ಇಪ್ಪತ್ತೈದು ಮನೆಯ ಮಕ್ಕಳು ಮತ್ತೆ ಮಾರುಕಟ್ಟೆಯ ವಿಷಕ್ಕೇ ಹೋಗುತ್ತವೆ. ಒಂದು ಮಗುವಿಗೆ ಆದದ್ದು ಆಗಿಹೋಯಿತು. ಎರಡೂ ಕಡೆ ತೂಗಿ ನೋಡಿದೆ.

ಫೆಬ್ರವರಿ 19

ಎಸ್ತೇರನ್ನು ಮನೆಗೆ ಕಳಿಸಿದ್ದಾರೆ. ಕರುಣಮ್ಮ ಹೆಗಲ ಮೇಲೆ ಹಾಕಿಕೊಂಡು ಬಂದಳು. ಓಡಾಡುತ್ತಿದ್ದ ಮಗು, ಈಗ ಕತ್ತು ನಿಲ್ಲುವುದಿಲ್ಲ. ಹೆಗಲ ಮೇಲಿಂದ ತಲೆ ಜಾರಿದಾಗೆಲ್ಲ ಕರುಣಮ್ಮ ಅಂಗೈಯಿಂದ ಎತ್ತಿ ಇಡುತ್ತಿದ್ದಳು, ಮಾತು ನಿಲ್ಲಿಸದೆ.

"ಚಿನ್ನಮ್ಮಗಾರೂ, ನೀವು ಓದಿದೋರು, ನನ್ನ ಹತ್ರ ಸುಳ್ಳು ಹೇಳಿ ನಿಮಗೇನಾಗ್ಬೇಕು. ನಾನು ಇನ್ನೇನೂ ಕೇಳಲ್ಲ. ಅವತ್ತು ಕೋಲಿತ್ತಾ?"

"ಇತ್ತು ಕರುಣಮ್ಮಾ."

"ನಾಲ್ಕು ಮೂಲೆಗೂ?"

"ನಾಲ್ಕು ಮೂಲೆಗೂ."

ಅವಳು ಹೊಸಿಲಲ್ಲೇ ಕೂತಳು. "ಹಂಗಾದ್ರೆ ನಾನೇ ಕೊಟ್ಟೆ" ಎಂದಳು. "ನನ್ನ ಗಂಡ ಸರಿಯಾಗೇ ಹೇಳ್ದ. ನನ್ನ ಕೈಯಾರೆ ನಾನೇ ಕೊಟ್ಟೆ." ಅಳಲಿಲ್ಲ. ಜಾರಿದ ತಲೆಯನ್ನು ಮತ್ತೆ ಹೆಗಲಿಗೆ ಎತ್ತಿಟ್ಟು, "ಹೋಗ್ಲಿ ಬಿಡಿ, ಗೊತ್ತಾಯ್ತಲ್ಲಾ" ಎಂದು ಎದ್ದಳು.

ಪಾಪ, ಗೊತ್ತಾಗದೆ ಒದ್ದಾಡುವುದಕ್ಕಿಂತ ಇದು ಮೇಲು. ರಾಗಿ ಗಂಜಿ ಕೊಡು, ಬೇಳೆಕಟ್ಟು ಕೊಡು, ಹೊರಗಿನ ಬಿಸ್ಕತ್ತು ಮುಟ್ಟಿಸಬೇಡ ಎಂದು ವಿವರವಾಗಿ ಹೇಳಿ ಕಳಿಸಿದೆ. ತಲೆ ಆಡಿಸಿದಳು. ಇಂಥವರಿಗೆ ಹೇಳಿದ್ದು ಎಷ್ಟು ತಲೆಗೆ ಹೋಗುತ್ತದೋ.

ಫೆಬ್ರವರಿ 22

ವಿಜಯವಾಡ. ಈ ಸಲ ಇನ್ನೂರು ಜನ. ಪನ್ನಿಯ ಪೋಸ್ಟರು ಬಾಗಿಲಲ್ಲೇ, ಆಳೆತ್ತರ.

ಎಸ್ತೇರಿನ ಕಥೆ ಹೇಳಿದೆ. ಹೆಸರು ಹೇಳಲಿಲ್ಲ, ಅಷ್ಟು ತಿಳುವಳಿಕೆ ಇದೆ ನನಗೆ. 'ನಮ್ಮೂರಿನ ಒಂದು ಮಗು' ಎಂದೆ. ಜೊಲ್ಲು, ಪಾಪೆ, ಕತ್ತು, ಎಲ್ಲ ಹೇಳಿದೆ. ಹೆಗಲಿಂದ ತಲೆ ಜಾರುವುದನ್ನು ಪನ್ನಿಯನ್ನೇ ಎತ್ತಿಕೊಂಡು ತೋರಿಸಿದೆ. ಜನ ಅತ್ತರು. ಪ್ರಸೂನ ಮೇಡಂ ಕೈ ಹಿಡಿದು, "ಹತ್ತು ವರ್ಷದಿಂದ ನಾನು ಹೇಳ್ತಿದ್ದದ್ದನ್ನ ನೀನು ಹತ್ತು ನಿಮಿಷದಲ್ಲಿ ಹೇಳ್ದೆ ಹೈಮಾ" ಎಂದರು.

ನಲವತ್ತು ಬುಟ್ಟಿ.

ಮಾರ್ಚ್ 3

ಮನೆ ಸಾಲಿನ ಕಳೆ ತೆಗೆಯಲು ಯಾರೂ ಸಿಗುತ್ತಿಲ್ಲ. ಕರುಣಮ್ಮ ಬರುವುದಿಲ್ಲ, ಅವಳ ಕೇರಿಯಿಂದ ಬೇರೆಯವರೂ ಬರುವುದಿಲ್ಲ. ನಾನೇ ತೆಗೆಯುತ್ತಿದ್ದೇನೆ, ಪನ್ನಿಯನ್ನು ಬೆನ್ನಿಗೆ ಕಟ್ಟಿಕೊಂಡು. ಬಿಸಿಲು ಜೋರು. ಬಳ್ಳಿ ಒಣಗುತ್ತಿದೆ, ಕಾಯಿ ಕಡಿಮೆ.

ಇವತ್ತು ಅತ್ತಯ್ಯ ಹಿತ್ತಲ ಬಾಗಿಲಿಂದ ಹೋಗುತ್ತಿದ್ದರು. ಸೆರಗು ಉಬ್ಬಿತ್ತು.

"ಏನದು ಅತ್ತಯ್ಯಾ?"

"ನಾಲ್ಕು ಹೀರೇಕಾಯಿ. ಎಸ್ತೇರಿಗೆ."

"ಅದು ಬುಟ್ಟಿಗೆ ಎಣಿಸಿಟ್ಟಿದ್ದು."

"ನನ್ನ ಪಾಲಿಂದು ಅಂದ್ಕೊ. ನಾನು ಗೋಂಗೂರ ಸೊಪ್ಪಿನ ಪಚ್ಚಡೀಲಿ ಉಣ್ತೀನಿ."

"ನಿಮ್ಮ ಪಾಲು ಹೋದ ವಾರವೇ ಹೋಗಿದೆ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಕೈ ಹಾಕಿ ಒಂದೊಂದಾಗಿ ತೆಗೆದುಕೊಂಡೆ. ಅರವತ್ತೆಂಟು ವರ್ಷದ ಹೆಂಗಸು, ಸೆರಗು ಹಾಗೇ ಹಿಡಿದುಕೊಂಡು ನಿಂತಿದ್ದರು. "ನಿನಗೆ ಮಗು ಇದೆ ಅನ್ನೋದು ನೆನಪಿದೆಯೇನೇ?" ಎಂದರು.

ವಿಚಿತ್ರ ಪ್ರಶ್ನೆ. ಬೆನ್ನಿಗೇ ಕಟ್ಟಿಕೊಂಡಿದ್ದೇನೆ.

ಮಾರ್ಚ್ 6

ಪನ್ನಿಯ ತೂಕ ಏಳು ಕಿಲೋ ಒಂಬೈನೂರು. ಬಿಸಿಲಿಗೆ ಮಕ್ಕಳು ಇಳಿಯುತ್ತವೆ. ಪಟ್ಟಣದ ತಾಯಂದಿರಿಗೆ ಬೇಸಿಗೆಯ ಆಹಾರದ ಬಗ್ಗೆ ಒಂದು ಪುಟ ಬರೆದು ಕಳಿಸಿದೆ.

ಮಾರ್ಚ್ 9

ಒಂದು ಬುಟ್ಟಿ ಕಡಿಮೆ ಬಿತ್ತು. ಮೂವತ್ತೊಂಬತ್ತು ಕಟ್ಟಿದ ಮೇಲೆ ಸಾಲಿನಲ್ಲಿ ಏನೂ ಉಳಿಯಲಿಲ್ಲ, ಎಲೆ ಎತ್ತಿ ಎತ್ತಿ ಹುಡುಕಿದೆ. ನಲವತ್ತನೆಯದು ಯಾರದ್ದೋ ಅಲ್ಲ, ಮೊದಲ ದಿನ 'ನಿಮ್ಮ ಮಗುಗೇ ಕೊಡ್ತೀರಾ' ಎಂದು ಕೇಳಿದಳಲ್ಲ, ಆಕೆಯದು. ಅವಳ ಮಗನಿಗೆ ಜ್ವರ ಬಿಟ್ಟು ಎರಡು ದಿನವಾಗಿದೆ, ನಿಮ್ಮ ಬುಟ್ಟಿಗೇ ಕಾಯುತ್ತಿದ್ದೇನೆ ಎಂದು ಬೆಳಿಗ್ಗೆ ಮೆಸೇಜು ಹಾಕಿದ್ದಳು. ಹೊಲದ್ದು ನಾಲ್ಕು ಬೆರೆಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರು ಅದನ್ನೇ ಹೇಳಿದರು. ಆದರೆ ಮಾತು ಕೊಟ್ಟಿದ್ದೇನೆ. ಇಷ್ಟು ದಿನ ಒಂದು ಕಾಯಿ ಬೆರೆಸಿಲ್ಲ, ಇನ್ನೂ ಬೆರೆಸುವುದಿಲ್ಲ. ಯಾರು ಬೇಕಾದರೂ ಬಂದು ಪರೀಕ್ಷೆ ಮಾಡಲಿ.

ಪನ್ನಿಗೆಂದು ಮಡಕೆಯಲ್ಲಿ ಎತ್ತಿಟ್ಟಿದ್ದ ಬೆಂಡೆ, ಹೀರೆ, ಎರಡು ಸೌತೆ ಆ ಬುಟ್ಟಿಗೆ ಹಾಕಿ ಕಟ್ಟಿದೆ. ಸರಿಯಾಗಿ ತುಂಬಿತು.

ಆಮೇಲೆ ಹೊಲದಿಂದ ಹತ್ತು ಎಳೆ ಬೆಂಡೆ ಕಿತ್ತು ತಂದೆ. ಮೊನ್ನೆ ಹೊಡೆದದ್ದು. ಉಪ್ಪುನೀರಿನಲ್ಲಿ ಒಂದು ಸಲ, ಅರಿಶಿನದಲ್ಲಿ ಒಂದು ಸಲ, ಹುಣಸೆನೀರಿನಲ್ಲಿ ಎರಡು ಸಲ ತೊಳೆದೆ. ಬಹಳ ಹೊತ್ತು ಬೇಯಿಸಿದೆ. ಅನ್ನದ ಜೊತೆ ನುಣ್ಣಗೆ ಹಿಸುಕಿ, ತುಪ್ಪ ಹಾಕಿದೆ.

ಅತ್ತಯ್ಯ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಯಾವ ಸಾಲಿಂದು?" ಎಂದರು.

"ತೊಳೆದಿದ್ದೀನಿ."

"ಯಾವ ಸಾಲಿಂದು ಅಂತ ಕೇಳ್ದೆ ಹೈಮಾ."

"ನಾಲ್ಕು ಸಲ ತೊಳೆದಿದ್ದೀನಿ ಅತ್ತಯ್ಯಾ."

ಪನ್ನಿ ಇವತ್ತು ಹಟ ಮಾಡಲಿಲ್ಲ. ಒಂದು ತುತ್ತು ನುಂಗಿ, ಇನ್ನೂ ಬೇಕೆಂದು ತಾನೇ ಬಾಯಿ ತೆರೆದಳು. ಇಟ್ಟೆ.